ಹೊಸ ಹೊದಿಕೆಯ ಹಳೆಯ ಹಾಡು

ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ಕಡೆಯದು ಪ್ರತಿರೂಪಕ ವ್ಯವಹಾರ. ಒಳ್ಳೆಯ ಸರಕಿನಲ್ಲಿ ಅದರಂತೆಯೇ ತೋರುವ ಕೀಳು ಸರಕನ್ನು ಬೆರೆಸಿ ಮಾರುವುದೆಂದು ಇದರ ತಾತ್ಪರ್ಯ. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಇದನ್ನು ವಿವರಿಸಬೇಕಾಗಿಲ್ಲ; ಚಾಲಿಯ ಚೀಲದ ತಳಕ್ಕೆ ಕೋಕ ಸೇರಿಸುವವರನ್ನು ನಾವು ಬಲ್ಲೆವು.

ಹಾಡಿನ ವ್ಯಾಪಾರದಲ್ಲಿ ಈ ಅತಿಚಾರವನ್ನು ಗುರುತಿಸುವುದು ಇಷ್ಟು ಸುಲಭವಲ್ಲ. ನಿಸಾರ್ ಅಹಮದರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರು ಹಾಡಿದ ‘ನಿತ್ಯೋತ್ಸವ’ 1978ರಲ್ಲಿ ಬಂದ ಮೇಲೆ ಭಾವಗೀತೆಗಳ ಧ್ವನಿಸುರುಳಿಗಳು ಮನೆಮನೆ ಸೇರಿದವು. ತರುವಾಯ ಶಿರಸಿಯ ಅಂಗಡಿಗಳಲ್ಲಿ ‘ಆಯ್ದ ಗೀತೆಗಳು’ ಎಂಬಂಥ ಸುರುಳಿಗಳೂ ಕಾಣಿಸಿಕೊಂಡವು. ಹೆಚ್ಚಿನ ಹಾಡುಗಳು ಮನೆಯಲ್ಲಿ ಆಗಲೇ ಇದ್ದವೇ. ಒಂದೆರಡು ಹೊಸದಕ್ಕಾಗಿ ಎಲ್ಲಕ್ಕೂ ಬೆಲೆ ತೆರಬೇಕು. ಆದರೆ ಪಟ್ಟಿ ಹೊದಿಕೆಯ ಮೇಲೆಯೇ ಅಚ್ಚಾಗಿರುತ್ತಿತ್ತು, ಓದಿ ಬೇಡವೆನ್ನಬಹುದಿತ್ತು. ಮೊದಲ ಸಲ ಕೊಳ್ಳುವ ಬಡವನಿಗಂತೂ ಅದು ಉಪಕಾರವೇ. ಅದನ್ನು ಕಳವೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಈಗ ನಮ್ಮ ಮಕ್ಕಳ ಬಾಯಲ್ಲಿ ಕೊರಿಯದ ತಂಡಗಳ ಹೆಸರು. ಅಲ್ಲಿ ಈ ಪದ್ಧತಿಗೆ ‘ರೀಪ್ಯಾಕೇಜ್’ ಎಂಬ ಹೆಸರೇ ಉಂಟು. ಎಕ್ಸೋ ತಂಡವು 2013ರ ಜೂನ್‌ನಲ್ಲಿ ತಂದ ಆಲ್ಬಮನ್ನು ಕೆಲವೇ ಹೊಸ ಹಾಡು ಸೇರಿಸಿ ಆಗಸ್ಟಿನಲ್ಲಿ ಮತ್ತೆ ಮಾರಿತು. ಅಮೆರಿಕದ ಟೇಲರ್ ಸ್ವಿಫ್ಟ್ ಅವರ 2022ರ ಆಲ್ಬಮ್ಮಿನ ನಾಲ್ಕು ತಟ್ಟೆಗಳ ಹಿಂಬದಿಯನ್ನು ಜೋಡಿಸಿದರೆ ಒಂದು ಗಡಿಯಾರವಾಗುತ್ತದೆ. ಒಂದನ್ನು ಕೊಂಡವನಿಗೆ ಕಾಲುಭಾಗ! ಹಾಡು ಫೋನಿನಲ್ಲಿ ಹೇಗೂ ಕೇಳಸಿಗುತ್ತದೆ. ಆದುದರಿಂದ ಇಲ್ಲಿ ಮಾರಾಟವಾಗುವುದು ಹಾಡಲ್ಲ, ಅಭಿಮಾನ. ಪರಿಗ್ರಹವೆಂದರೆ ವಸ್ತುವಲ್ಲ, ಅದರ ಮೇಲಿನ ಮೂರ್ಛೆ ಎಂದ ಉಮಾಸ್ವಾಮಿಗಳ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ದೊರಕಿಲ್ಲ.

ಕೊರಿಯದ ಪೊಟ್ಟಣದಲ್ಲಿ ಇನ್ನೊಂದು ಸಂಗತಿಯಿದೆ. ಗಾಯಕರಲ್ಲಿ ಯಾರೋ ಒಬ್ಬರ ಚಿತ್ರಚೀಟಿ ಒಳಗಿರುತ್ತದೆ. ಯಾರದೆಂದು ಒಡೆದ ಮೇಲೆಯೇ ತಿಳಿಯುವುದು. ಬಯಸಿದ ಮುಖ ಸಿಗುವತನಕ ಕೊಳ್ಳುತ್ತ ಹೋಗುವವರಿದ್ದಾರೆ. ಅಡಿಕೆಯ ಟೆಂಡರಿನಲ್ಲಿ ವ್ಯಾಪಾರಿಯು ಚೀಲ ಬಿಚ್ಚಿಸಿ, ಅಡಿಕೆ ಒಡೆದು ನೋಡಿ, ಆಮೇಲೆ ದರ ಬರೆಯುತ್ತಾನೆ. ಇಲ್ಲಿ ದರ ಕೊಟ್ಟ ಮೇಲೆಯೇ ಒಡೆಯಬೇಕು. ಹಾಗಾಗಿ ಇದನ್ನು ಅಚೌರ್ಯದ ಪ್ರಕರಣದಲ್ಲಿ ಹುಡುಕುವುದಕ್ಕಿಂತ ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತದಲ್ಲಿ ಹುಡುಕುವುದು ಮೇಲು. ಹದಿನೈದರ ಮಕ್ಕಳನ್ನು ಈ ಪಣಕ್ಕೆ ಕೂರಿಸುವವರು ಪಟ್ಟಿಯನ್ನು ಎಷ್ಟೇ ಪ್ರಾಮಾಣಿಕವಾಗಿ ಅಚ್ಚುಮಾಡಲಿ, ಹೊಣೆಯಿಂದ ಪಾರಾಗರು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದಾಗ ಅವಳು ವಾದಿಸಿದಳು, ಆಮೇಲೆ ವರ್ಷಕ್ಕೊಂದೇ ಎಂದು ತಾನಾಗಿಯೇ ಪರಿಮಾಣ ಮಾಡಿಕೊಂಡಳು. ಈ ವರ್ಷದ ಪೊಟ್ಟಣದಲ್ಲಿ ಅವಳು ಬಯಸಿದ ಮುಖ ಬರಲಿಲ್ಲ. ಬಂದ ಚೀಟಿಯನ್ನೇ ಪುಸ್ತಕದೊಳಗೆ ಇಟ್ಟುಕೊಂಡಿದ್ದಾಳೆ.