ಚಿಗಟೇರಿಯ ನಾರದಮುನಿ

ಮೂವತ್ತೈದು ವರ್ಷಗಳ ಕಾಲ ಗಂಟೆಯ ನಾದಕ್ಕೆ ಎದ್ದು, ಗಂಟೆಯ ನಾದಕ್ಕೆ ಕುಳಿತು ಅಭ್ಯಾಸವಾದವರಿಗೆ ನಿವೃತ್ತಿಯ ಮೊದಲ ತಿಂಗಳುಗಳು ಎಷ್ಟು ದೀರ್ಘವಾಗಿ ತೋರುವುವೆಂಬುದನ್ನು ಅನುಭವಿಸಿದವರೇ ಬಲ್ಲರು. ಬೆಂಗಳೂರಿನಲ್ಲಿರುವ ಮಗನು, “ಅಪ್ಪಾ, ಇನ್ನು ಅಲ್ಲಿ ನಿಮಗೇನು ಕೆಲಸ? ಮನೆ ಮಾರಿ ಇಲ್ಲಿಗೇ ಬಂದುಬಿಡಿ” ಎಂದು ವಾರಕ್ಕೆರಡು ಬಾರಿ ಹೇಳತೊಡಗಿದ್ದನು. ಅವನಿಗೆ ಉತ್ತರ ಹೇಳಲು ತೋಚದೆ, ಒಂದು ದಿನ ಬೆಳಿಗ್ಗೆ ಹರಪನಹಳ್ಳಿಯಲ್ಲಿ ಬಸ್ಸು ಹತ್ತಿ ಚಿಗಟೇರಿಗೆ ಹೊರಟೆವು.

ಚಿಗಟೇರಿಯು ಹರಪನಹಳ್ಳಿ ತಾಲ್ಲೂಕಿಗೆ ಸೇರಿದ ಗ್ರಾಮ. ಆ ತಾಲ್ಲೂಕಾದರೋ ಒಂದೆಡೆ ನಿಂತುದಲ್ಲ. ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದುದು 1953ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ನಾವು ಕುಳಿತಲ್ಲಿಯೇ ಕುಳಿತು, ಹಾಜರಿ ಪುಸ್ತಕದ ಮೇಲೆ ಮೂರು ಜಿಲ್ಲೆಗಳ ಹೆಸರನ್ನು ಬರೆದೆವು. ದಾರಿಯ ಇಕ್ಕೆಲಗಳಲ್ಲಿಯೂ ಈಗ ಮೆಕ್ಕೆಜೋಳ. ನಮ್ಮ ಬಾಲ್ಯದಲ್ಲಿ ರೊಟ್ಟಿಯ ಜೋಳವನ್ನು ಕಾಣುತ್ತಿದ್ದ ಹೊಲಗಳಿವು. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಜನರು ಕಾಫಿ ತೋಟಗಳಿಗೆ, ಮಂಡ್ಯದ ಕಬ್ಬಿನ ಗದ್ದೆಗಳಿಗೆ ಗುಳೆ ಹೋಗುವುದು ಬಹುಕಾಲದ ರೂಢಿ. ಓದಿದವರು ಬೆಂಗಳೂರಿಗೆ ಹೋಗುವರು. ಇದನ್ನು ಮಾತ್ರ ಯಾರೂ ಗುಳೆಯೆನ್ನುವುದಿಲ್ಲ.

ಚಿಗಟೇರಿಯ ಪ್ರಸಿದ್ಧಿಯೆಲ್ಲ ನಾರದಮುನಿಯ ದೇವಾಲಯದಿಂದ. ನಾರದನಿಗೆ ಗುಡಿಯಿರುವುದೇ ಅಪರೂಪ. ಇದೇ ಸೀಮೆಯ ಹರಪನಹಳ್ಳಿ ಭೀಮವ್ವನವರು (1823–1903) ತಮ್ಮ ಕೃತಿಯೊಂದಕ್ಕೆ ‘ನಾರದ ಕೊರವಂಜಿ’ ಎಂದು ಹೆಸರಿಟ್ಟುದು ನಮಗೆ ನೆನಪಾಯಿತು. ಉಳಿದ ಲೋಕಕ್ಕೆ ನಾರದನೆಂದರೆ ಚಲಚ್ಚಿತ್ರದ ನಾರದನೇ. 1958ರ ‘ಭೂಕೈಲಾಸ’ದಲ್ಲಿ ಕಲ್ಯಾಣಕುಮಾರರೂ 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಅನಂತನಾಗರೂ ಆ ವೇಷವನ್ನು ಧರಿಸಿದ್ದರು. ಎರಡನ್ನೂ ನೋಡಿ ಸಂತೋಷಪಟ್ಟವರಲ್ಲಿ ನಾವೂ ಒಬ್ಬರು. ಆದರೆ ತಂಬೂರಿ ಮೀಟುತ್ತ ಜಗಳ ಹಚ್ಚುವವನೆಂದಷ್ಟೇ ಮಕ್ಕಳು ಅವನನ್ನು ತಿಳಿದರೆ ನಮಗೆ ವ್ಯಥೆಯಾಗುವುದು.

ಭಾಗವತದ ಆರನೆಯ ಸ್ಕಂಧದ ಕಥೆಯನ್ನು ಬಲ್ಲವರು ಇದನ್ನೊಪ್ಪುವರು. ದಕ್ಷನು ಪ್ರಜಾಸೃಷ್ಟಿಗಾಗಿ ಹರ್ಯಶ್ವರೆಂಬ ಹತ್ತು ಸಾವಿರ ಮಕ್ಕಳನ್ನು ಪಡೆದು ತಪಸ್ಸಿಗೆ ಕಳುಹಿಸಿದನು. ನಾರದನು ಅವರಿಗೆ ಗೂಢವಾದ ಪ್ರಶ್ನೆಗಳನ್ನು ಹಾಕಿದನು. ಅವರು ಆಲೋಚಿಸಿ, ತಿರುಗಿ ಬಾರದ ದಾರಿಯನ್ನು ಹಿಡಿದರು. ತಂದೆಯು ದುಃಖಿಸಿ, ಮತ್ತೆ ಶಬಲಾಶ್ವರೆಂಬ ಸಾವಿರ ಮಕ್ಕಳನ್ನು ಪಡೆದನು; ಅವರೂ ಅಣ್ಣಂದಿರ ದಾರಿಯನ್ನೇ ಹಿಡಿದರು. ಆಗ ದಕ್ಷನು ಕೋಪದಿಂದ, ಲೋಕಗಳಲ್ಲಿ ಅಲೆಯುವ ನಿನಗೆ ಎಲ್ಲಿಯೂ ನೆಲೆಯಿಲ್ಲದಿರಲಿ ಎಂದು ನಾರದನನ್ನು ಶಪಿಸಿದನು. ಮರುಶಾಪ ಕೊಡಬಲ್ಲವನಾಗಿದ್ದರೂ ನಾರದನು ಹಾಗೆಯೇ ಆಗಲೆಂದು ಒಪ್ಪಿಕೊಂಡನು.

ಈ ಭಾಗವನ್ನು ನಾವು ಎಷ್ಟು ಸಲ ಓದಿದ್ದೆವೋ! ದಕ್ಷನ ಪಕ್ಷವನ್ನು ಮಾತ್ರ ಒಮ್ಮೆಯೂ ವಹಿಸಿರಲಿಲ್ಲ. ಹಲವು ವರ್ಷಗಳ ಹಿಂದೆ ಒಬ್ಬ ರೈತರು ಶಾಲೆಯ ಬಾಗಿಲಿಗೆ ಬಂದು, “ನೀವು ಕಲಿಸಿದ್ರಿ ಅಂತ ಹುಡುಗ ಓದಿದ, ಓದಿದ ಅಂತ ಊರು ಬಿಟ್ಟ. ಈಗ ಹೊಲ ನೋಡೋರ್ಯಾರು ಹೇಳ್ರಿ ಮೇಷ್ಟ್ರ?” ಎಂದು ಎಲ್ಲರ ಮುಂದೆ ಕೇಳಿದ್ದರು. ಅಂದು ಅದನ್ನು ನಾವು ಅಜ್ಞಾನದ ಮಾತೆಂದು ತಳ್ಳಿಹಾಕಿದೆವು. ಒಂದೆರಡು ವರ್ಷಗಳಲ್ಲಿ ನಮ್ಮ ಮಗನೂ ಹೋದನು. ಅವನಿಗೆ ಪಾಠ ಹೇಳಿದವರೂ ನಾವೇ, ಯಾರನ್ನು ಶಪಿಸೋಣ?

ದರ್ಶನ ಮಾಡಿಕೊಂಡು ಹೊರಗೆ ಬಂದಾಗ, ಕಾಕತಾಳೀಯವೆಂಬಂತೆ, ಅದೇ ರೈತರು ಜಗಲಿಯ ಮೇಲೆ ಕುಳಿತಿದ್ದರು. ಅವರೇ ಗುರುತು ಹಿಡಿದು ಜಾಗ ಮಾಡಿಕೊಟ್ಟು, “ಹುಡುಗ ಚಲೋ ಅದಾನ್ರಿ. ರೊಕ್ಕ ಕಳಿಸ್ತಾನ, ಬೋರು ಹಾಕಿಸೀವಿ, ನೀರು ಬಿದ್ದಾವ. ಆದ್ರ ಉಣ್ಣಾಕ ಮನ್ಯಾಗ ನಾವಿಬ್ರೇ” ಎಂದರು. ಅಂದಿನ ಮಾತಿಗಾಗಿ ಅವರು ಕ್ಷಮೆ ಕೇಳಲಿಲ್ಲ. ಕೇಳಬೇಕಾದ ಕಾರಣವೂ ಇರಲಿಲ್ಲ. “ಹೋಗಬಾರದಿತ್ತೇನು?” ಎಂದು ನಾವು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಹೋಗದಿದ್ರ ಬೋರೆಲ್ಲಿಂದ ಬರ್ತಿತ್ರಿ?” ಎಂದು ನಕ್ಕು, ಎಲೆಯಡಿಕೆಯ ಚೀಲವನ್ನು ನಮ್ಮ ಕಡೆಗೆ ನೂಕಿದರು.

ಸಂಜೆ ಮಗನೊಡನೆ ದೂರವಾಣಿಯಲ್ಲಿ ಮಾತನಾಡಿದೆವು. ಮನೆಯನ್ನು ಮಾರುವುದಿಲ್ಲವೆಂದೂ, ದಸರೆಯ ತರುವಾಯ ಎರಡು ತಿಂಗಳು ಬಂದಿರುವೆವೆಂದೂ ತಿಳಿಸಿದೆವು. ಮೊಮ್ಮಗಳು ನಡುವೆ ಬಾಯಿಹಾಕಿ, “ತಾತಾ, ನಾರದರು ಯಾವಾಗಲೂ ತಿರುಗುತ್ತಾ ಇರ್ತಾರಲ್ಲ, ಗುಡಿಯಲ್ಲಿ ಇದ್ದರಾ?” ಎಂದಳು. ಇದ್ದರೆಂದೆವು. ಭಾಗವತದ ಆರನೆಯ ಸ್ಕಂಧದ ಸಂಪುಟವನ್ನು ಪೆಟ್ಟಿಗೆಯಲ್ಲಿ ಈಗಲೇ ಇಟ್ಟಿದ್ದೇವೆ.