ಚಿಕ್ಕ ಭುಜಕ್ಕೆ ಹೊಂದುವ ಕೋವಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಥ್ಯಾಂಕ್ಸ್‌ಗಿವಿಂಗ್ ಗುರುವಾರದ ಹಿಂದಿನ ಶನಿವಾರ ಬೆಳಗ್ಗೆ ಜಿಂಕೆ ಬೇಟೆ ಶುರುವಾಗುತ್ತದೆ. ಒಂಬತ್ತೇ ದಿನ. ಆ ಒಂಬತ್ತು ದಿನ ಅಲ್ಲಿನ ಹಳ್ಳಿಗಳಲ್ಲಿ ಬೇರೆ ಮಾತೇ ಇರುವುದಿಲ್ಲ. ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟವರು ಕತ್ತಲಿರುವಾಗಲೇ ಕಾಡಿನ ಅಂಚಿಗೆ ಹೋಗಿ ಕೂರುತ್ತಾರೆ. ಸಿಕ್ಕ ಮಾಂಸ ಮನೆಯ ಫ್ರೀಜರ್ ಸೇರಿ ಚಳಿಗಾಲ ಕಳೆಸುತ್ತದೆ.

ನಮಗೆ ಇದು ದೂರದ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಶಿಕಾರಿ ನಮ್ಮಲ್ಲಿ ಹಳೆಯ ತಲೆಮಾರಿನ ಕಥೆಯಾಗಿ ಉಳಿದಿದೆ, ಇಲ್ಲವೇ ಕದ್ದು ಮಾಡುವ ಅಪರಾಧವಾಗಿ. ಅಲ್ಲಿ ಅದು ಪರವಾನಗಿ ಪಡೆದು, ಲೆಕ್ಕ ಕೊಟ್ಟು ಮಾಡುವ ಕೆಲಸ. ಕೋವಿ, ತೋಟಾಗಳ ಮೇಲಿನ ಕೇಂದ್ರ ತೆರಿಗೆಯ ಹಣ ಕೂಡ 1937ರ ಒಂದು ಕಾನೂನಿನ ಪ್ರಕಾರ ವನ್ಯಜೀವಿಗಳ ಪಾಲನೆಗೆ ಹೋಗುತ್ತದೆ. ಬೇಟೆ ಸರಿಯೇ ತಪ್ಪೇ ಎಂಬ ವಾದ ಅಲ್ಲೂ ಇದೆ. ಆದರೆ ಬೇಟೆಯಾಡುವ ಮನೆಯೊಳಗೆ ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಬರುತ್ತದೆ: ಮಕ್ಕಳ ಕೈಗೆ ಯಾವ ಕೋವಿ?

ಆ ರಾಜ್ಯದ ಒಬ್ಬ ಬಡಗಿಯ ಮನೆಯಲ್ಲೂ ಈ ಪ್ರಶ್ನೆ ಬಂತು. ಮಗನಿಗೆ ಹದಿಮೂರು, ಮಗಳಿಗೆ ಹನ್ನೊಂದು. ಹೊಸದಾಗಿ ಕಲಿಯುವ ಮಕ್ಕಳು ಅನುಭವಿಯೊಬ್ಬರ ಕೈಯಳತೆಯಲ್ಲೇ ಕೂತು ಬೇಟೆಯಾಡಬೇಕೆಂಬ ನಿಯಮ ಅಲ್ಲಿದೆ. ಹಾಗಾಗಿ ಇಬ್ಬರನ್ನೂ ಒಟ್ಟಿಗೆ ಕರೆದೊಯ್ಯುವ ಮಾತಿರಲಿಲ್ಲ. ಒಂದು ದಿನ ಮಗ, ಒಂದು ದಿನ ಮಗಳು. ಎರಡು ರೈಫಲ್‌ಗೆ ದುಡ್ಡೂ ಇರಲಿಲ್ಲ, ಅಗತ್ಯವೂ ಇರಲಿಲ್ಲ. ಮನೆಯಲ್ಲಿದ್ದದ್ದು ಅಪ್ಪನಿಗೆ ಅವನ ಅಪ್ಪ ಕೊಟ್ಟ ಥರ್ಟಿ-ಆಟ್-ಸಿಕ್ಸ್. 1906ರಲ್ಲಿ ಅಮೆರಿಕದ ಸೈನ್ಯಕ್ಕೆಂದು ಹುಟ್ಟಿ, ಎರಡು ಮಹಾಯುದ್ಧ ಮುಗಿಸಿ, ಕಾಡಿಗೆ ಬಂದ ತೋಟಾ ಅದು. ಜಿಂಕೆಗೆ ಬೇಕಾದದ್ದಕ್ಕಿಂತ ಹೆಚ್ಚು ಬಲ, ಹನ್ನೊಂದರ ಹುಡುಗಿಯ ಭುಜ ತಡೆಯುವುದಕ್ಕಿಂತ ಹೆಚ್ಚು ಒದೆತ.

ಒದೆತದ ಲೆಕ್ಕ ಸರಳ. ಮದ್ದು ಉರಿದು ಗುಂಡನ್ನು ಮುಂದಕ್ಕೆ ತಳ್ಳಿದಷ್ಟೇ ಕೋವಿಯನ್ನು ಹಿಂದಕ್ಕೂ ತಳ್ಳುತ್ತದೆ. ಗುಂಡು ಭಾರವಾದಷ್ಟು, ವೇಗ ಹೆಚ್ಚಿದಷ್ಟು, ಮದ್ದು ಜಾಸ್ತಿಯಾದಷ್ಟು ಒದೆತ ಜಾಸ್ತಿ. ಕೋವಿ ಹಗುರವಾದರೂ ಒದೆತ ಜಾಸ್ತಿಯೇ. ಮಕ್ಕಳಿಗೆಂದು ಮಾರುವ ಪುಟ್ಟ ರೈಫಲ್‌ಗಳಲ್ಲಿ ಇರುವ ಮೋಸ ಇದು. ಮೂರೂವರೆ ಕಿಲೋ ತೂಗುವ ಕೋವಿಯ ಬದಲು ಎರಡೂಮುಕ್ಕಾಲು ಕಿಲೋದ್ದನ್ನು ಕೊಟ್ಟರೆ ಹೊರಲು ಸುಲಭ, ಆದರೆ ಅದೇ ತೋಟಾಕ್ಕೆ ಒದೆತದ ಶಕ್ತಿ ಕಾಲುಭಾಗಕ್ಕೂ ಮಿಕ್ಕಿ ಏರುತ್ತದೆ. ಮಗುವಿನ ಮೇಲಿನ ಕನಿಕರದಿಂದ ಕೊಂಡದ್ದು ಮಗುವಿನ ಭುಜವನ್ನೇ ಜಜ್ಜುತ್ತದೆ.

ಭುಜದ ನೋವು ಒಂದು ವಾರದಲ್ಲಿ ಮಾಯುತ್ತದೆ. ಮಾಯದೆ ಉಳಿಯುವುದು ಬೆಚ್ಚುವಿಕೆ. ಒಮ್ಮೆ ಗಟ್ಟಿಯಾಗಿ ಒದೆಸಿಕೊಂಡ ದೇಹ ಮುಂದಿನ ಸಲ ಟ್ರಿಗರ್ ಎಳೆಯುವ ಕ್ಷಣಕ್ಕೆ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಬಿಗಿಯುತ್ತದೆ, ನಳಿಗೆ ಒಂದು ಕೂದಲೆಳೆ ಕೆಳಗಿಳಿಯುತ್ತದೆ. ನೂರು ಮೀಟರ್ ದೂರದಲ್ಲಿ ಆ ಕೂದಲೆಳೆ ಒಂದು ಗೇಣಾಗುತ್ತದೆ. ಎದೆಗೆ ಬೀಳಬೇಕಾದ ಗುಂಡು ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಪೆಟ್ಟು ತಿಂದ ಜಿಂಕೆ ಬೇಗ ಸಾಯುವುದಿಲ್ಲ. ಗಂಟೆಗಟ್ಟಲೆ ನರಳುತ್ತದೆ, ಕೆಲವೊಮ್ಮೆ ಸಿಗುವುದೇ ಇಲ್ಲ. ಒದೆತದ ಪ್ರಶ್ನೆ ಭುಜದಿಂದ ಹೊರಟು ನಿಲ್ಲುವುದು ಅಲ್ಲಿ.

ಬೆಚ್ಚುವಿಕೆಯನ್ನು ಪತ್ತೆಹಚ್ಚಲು ಹಳೆಯ ಉಪಾಯವೊಂದಿದೆ. ಗುರಿ ಅಭ್ಯಾಸದ ಜಾಗದಲ್ಲಿ ಒಬ್ಬರು ತೋಟಾ ತುಂಬಿ ಇನ್ನೊಬ್ಬರಿಗೆ ಕೊಡುತ್ತಾರೆ. ಅದು ನಿಜವಾದ ತೋಟಾವೋ ಮದ್ದಿಲ್ಲದ ಸುಳ್ಳು ತೋಟಾವೋ ಹೇಳುವುದಿಲ್ಲ. ಸುಳ್ಳು ತೋಟಾ ಇದ್ದಾಗ ಕ್ಲಿಕ್ ಎಂಬ ಸದ್ದಷ್ಟೇ ಬರಬೇಕು, ನಳಿಗೆ ಅಲುಗಬಾರದು. ಅಪ್ಪ ಮಗನಿಗೆ ಇದನ್ನು ಮಾಡಿಸಿದ. ಆಮೇಲೆ ಮಗ, ಈಗ ನಿಂದು ಅಪ್ಪ, ಎಂದ. ಥರ್ಟಿ-ಆಟ್-ಸಿಕ್ಸ್ ಹಿಡಿದ ಅಪ್ಪನ ನಳಿಗೆ ಕ್ಲಿಕ್ ಎನ್ನುವಾಗ ಸ್ಪಷ್ಟವಾಗಿ ಕೆಳಕ್ಕೆ ಕುಕ್ಕರಿಸಿತು. ಮಕ್ಕಳು ನಕ್ಕರು. ಹನ್ನೆರಡನೇ ವಯಸ್ಸಿಗೆ ಅದೇ ಕೋವಿಯಿಂದ ಶುರುಮಾಡಿದ ದೇಹ ಮೂವತ್ತು ವರ್ಷದಿಂದ ಅದನ್ನು ಒಳಗೆ ಇಟ್ಟುಕೊಂಡಿತ್ತು. ಹೊಸ ರೈಫಲ್ ಮಕ್ಕಳಿಗಷ್ಟೇ ಅಲ್ಲ, ಮನೆಗೆಲ್ಲ ಎಂದು ಅವತ್ತೇ ತೀರ್ಮಾನವಾಯಿತು.

ಅಂಗಡಿಯಲ್ಲಿ ಮೂರು ಹೆಸರು ಮುಂದೆ ಬಂದವು. ಮೊದಲನೆಯದು .243 ವಿಂಚೆಸ್ಟರ್. 1955ರಲ್ಲಿ ಬಂದದ್ದು, ಸಮಾನ ತೂಕದ ಕೋವಿಯಲ್ಲಿ ಅದರ ಒದೆತದ ಶಕ್ತಿ ಥರ್ಟಿ-ಆಟ್-ಸಿಕ್ಸ್‌ನ ಸುಮಾರು ಅರ್ಧ. ಅಮೆರಿಕದ ಎಷ್ಟೋ ಮಕ್ಕಳ ಮೊದಲ ಜಿಂಕೆ ಇದರದ್ದೇ. ಆದರೆ ಗುಂಡು ಚಿಕ್ಕದು, ಆರೂವರೆ ಗ್ರಾಂ ಆಸುಪಾಸು. ಜಾಗಕ್ಕೆ ಸರಿಯಾಗಿ ಬಿದ್ದರೆ ಸಾಕು. ಸ್ವಲ್ಪ ತಪ್ಪಿದರೆ ಕ್ಷಮೆ ಕಡಿಮೆ. ಹೊಸಬರ ತೋಟಾ ಎನ್ನುವವರಷ್ಟೇ, ನುರಿತವರ ತೋಟಾ ಎನ್ನುವವರೂ ಇದ್ದಾರೆ. ಎರಡನೆಯದು 2007ರ 6.5 ಕ್ರೀಡ್‌ಮೋರ್. ದೂರದ ಗುರಿಗೆಂದು ಮಾಡಿದ್ದು, ಮೃದುವಾಗಿ ಒದೆಯುತ್ತದೆ, ಈಗ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಮೂರನೆಯದು 1980ರ 7ಎಂಎಂ-08 ರೆಮಿಂಗ್ಟನ್. ಒದೆತ ಥರ್ಟಿ-ಆಟ್-ಸಿಕ್ಸ್‌ನ ಮೂರರಲ್ಲಿ ಎರಡು ಪಾಲು. ಹಗುರ ಗುಂಡು, ಕಡಿಮೆ ಮದ್ದಿನ ತೋಟಾ ಹಾಕಿದರೆ ಅದೂ .243ರ ಹತ್ತಿರಕ್ಕೆ ಇಳಿಯುತ್ತದೆ. ಮಕ್ಕಳು ಬೆಳೆದಾಗ ಪೂರ್ತಿ ಬಲದ ತೋಟಾಕ್ಕೆ ಏರಬಹುದು.

ಕನ್ನಡದ ಓದುಗರಿಗೆ ಈ ಮೂರನೆಯದರ ಸೋದರನ ಪರಿಚಯ ಆಗಲೇ ಇದೆ. ತೇಜಸ್ವಿಯವರ ಅನುವಾದದಲ್ಲಿ ರುದ್ರಪ್ರಯಾಗದ ನರಭಕ್ಷಕನ ಬೆನ್ನು ಹತ್ತಿದ ಜಿಮ್ ಕಾರ್ಬೆಟ್‌ನನ್ನು ನಾವೆಲ್ಲ ಓದಿದ್ದೇವೆ. 1907ರಲ್ಲಿ ಚಂಪಾವತ್‌ನ ಹೆಣ್ಣುಹುಲಿಯನ್ನು ಕೊಂದದ್ದಕ್ಕೆ ಬಹುಮಾನವಾಗಿ ಬಂದ ಅವನ .275 ರಿಗ್ಬಿ ಒಂದು ಮೃದು ಒದೆತದ ರೈಫಲ್. ಅದರ ತೋಟಾ ಜರ್ಮನಿಯ 7ಎಂಎಂ ಮೌಸರ್. ಗುಂಡಿನ ಅಗಲ, ವೇಗ ಎರಡರಲ್ಲೂ 7ಎಂಎಂ-08ಕ್ಕೆ ಅವಳಿ ಎನ್ನಬಹುದು. ತೇಜಸ್ವಿ ಕನ್ನಡಕ್ಕೆ ತಂದ ಇನ್ನೊಬ್ಬ ಶಿಕಾರಿ ಬೆಂಗಳೂರಿನ ಕೆನೆತ್ ಆಂಡರ್ಸನ್ ಬಳಸುತ್ತಿದ್ದದ್ದು .405 ವಿಂಚೆಸ್ಟರ್, ಕತ್ತೆಯ ಹಾಗೆ ಒದೆಯುವುದಕ್ಕೆ ಹೆಸರಾದದ್ದು. ಇಬ್ಬರೂ ಹುಲಿ ಹೊಡೆದರು. ಗುಂಡು ಎಲ್ಲಿ ಬಿತ್ತು ಎನ್ನುವುದೇ ಮುಖ್ಯ, ಎಷ್ಟು ದೊಡ್ಡದು ಎನ್ನುವುದು ಆಮೇಲಿನದು.

ಬಡಗಿ 7ಎಂಎಂ-08 ಆರಿಸಿದ. ಆದರೆ ತೋಟಾ ಆರಿಸಿದರೆ ಅರ್ಧ ಕೆಲಸ ಮಾತ್ರ. ಕೋವಿ ಮೈಗೆ ಹೊಂದಬೇಕು. ಟ್ರಿಗರ್‌ನಿಂದ ಕೋವಿಯ ಬುಡದವರೆಗಿನ ಉದ್ದ ದೊಡ್ಡವರ ರೈಫಲ್‌ಗಳಲ್ಲಿ ಸುಮಾರು ಹದಿಮೂರೂವರೆ ಇಂಚು ಇರುತ್ತದೆ. ಹನ್ನೊಂದರ ಹುಡುಗಿಗೆ ಅದು ಉದ್ದ. ಬುಡ ಭುಜದ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಜಾರುತ್ತದೆ. ಕತ್ತು ಚಾಚಿ, ಕಣ್ಣನ್ನು ದುರ್ಬೀನಿಗೆ ತೀರಾ ಹತ್ತಿರ ಒಯ್ಯಬೇಕಾಗುತ್ತದೆ. ಆಗ ಒದೆತಕ್ಕೆ ದುರ್ಬೀನಿನ ಅಂಚು ಹುಬ್ಬಿಗೆ ಬಡಿದು ರಕ್ತ ಬರುವುದೂ ಉಂಟು. ಈಗಿನ ಕೆಲವು ರೈಫಲ್‌ಗಳಲ್ಲಿ ಬುಡಕ್ಕೆ ತೆಳ್ಳನೆಯ ಬಿಲ್ಲೆಗಳನ್ನು ಸೇರಿಸಿ ಉದ್ದ ಹೆಚ್ಚಿಸಬಹುದು. ಮಗಳಿಗೆ ಹನ್ನೆರಡೂವರೆ ಇಂಚು, ಮಗನಿಗೆ ಒಂದು ಬಿಲ್ಲೆ, ಅಪ್ಪನಿಗೆ ಎರಡು. ಹಂಚಿಕೊಳ್ಳುವ ಕೋವಿಯ ಅಳತೆ ಮನೆಯ ಅತಿ ಚಿಕ್ಕವರಿಂದಲೇ ಶುರುವಾಗಬೇಕು. ಗಿಡ್ಡ ಕೋವಿಯಲ್ಲಿ ದೊಡ್ಡವರು ಹೇಗೋ ನಿಭಾಯಿಸುತ್ತಾರೆ, ಉದ್ದ ಕೋವಿಯಲ್ಲಿ ಮಗು ನಿಭಾಯಿಸಲಾರದು.

ತೂಕಕ್ಕೂ ಇದೇ ಬಗೆಯ ಉತ್ತರ ಸಿಕ್ಕಿತು. ದುರ್ಬೀನು ಸೇರಿ ಮೂರೂವರೆ ಕಿಲೋ ಇರಲಿ. ಕಾಡಿಗೆ ಹೊರುವವನು ಅಪ್ಪ, ಹೊಡೆಯುವಾಗ ಊರೆಗೋಲಿನ ಮೇಲೆ ಇಟ್ಟರಾಯಿತು. ನಳಿಗೆಯ ತುದಿಗೆ ತೂತುಗಳಿರುವ ಬ್ರೇಕ್ ಹಾಕಿದರೆ ಒದೆತ ಇನ್ನೂ ತಗ್ಗುತ್ತದೆ ಎಂದು ಅಂಗಡಿಯವನು ಹೇಳಿದ. ಅದು ನಿಜ, ಆದರೆ ಅದು ಸದ್ದನ್ನು ಪಕ್ಕಕ್ಕೆ ಎಸೆಯುತ್ತದೆ. ಪಕ್ಕದಲ್ಲಿ ಕೂತವರ ಕಿವಿಗೆ ಕೇಡು. ಮಕ್ಕಳು ಬೆಚ್ಚುವುದು ಒದೆತಕ್ಕೆಷ್ಟೋ ಸದ್ದಿಗೂ ಅಷ್ಟೇ. ಹಾಗಾಗಿ ಬ್ರೇಕ್ ಬೇಡವೆಂದು, ಕಿವಿಯೊಳಗೆ ಬಿರಡೆ, ಅದರ ಮೇಲೆ ಕಿವಿಕಾಪು, ಎರಡೂ ಕಡ್ಡಾಯವೆಂದಾಯಿತು. ಬೇಸಿಗೆಯೆಲ್ಲ ಒದೆತವೇ ಇಲ್ಲದ .22ರಲ್ಲಿ ಅಭ್ಯಾಸ. ದೊಡ್ಡ ರೈಫಲ್‌ನಲ್ಲಿ ದಿನಕ್ಕೆ ಐದೇ ಈಡು, ಆರನೆಯದಿಲ್ಲ. ಗುಂಡು ಸೀಸದ್ದಲ್ಲ, ತಾಮ್ರದ್ದು. ಸೀಸದ ಗುಂಡು ಮೈಯೊಳಗೆ ಚೂರಾಗಿ ಮಾಂಸಕ್ಕೆ ಸೇರುತ್ತದೆ. ಆ ಮಾಂಸ ಉಣ್ಣುವವರು ಇದೇ ಮಕ್ಕಳು.

ಮಕ್ಕಳು, ಬಂದೂಕು, ಅಮೆರಿಕ ಎಂಬ ಮೂರು ಪದ ಒಟ್ಟಿಗೆ ಬಂದಾಗ ಓದುಗರ ಮನಸ್ಸು ಬೇರೆಡೆ ಹೋಗುವುದು ಸಹಜ. ಹೋಗಲೇಬೇಕು. 2020ರಲ್ಲಿ ಆ ದೇಶದ ಒಂದರಿಂದ ಹತ್ತೊಂಬತ್ತು ವಯಸ್ಸಿನವರ ಸಾವಿಗೆ ಬಂದೂಕೇ ಮೊದಲ ಕಾರಣವಾಯಿತು, ರಸ್ತೆ ಅಪಘಾತವನ್ನೂ ಹಿಂದೆ ಹಾಕಿ. ಅವುಗಳಲ್ಲಿ ಹೆಚ್ಚಿನವು ಕೊಲೆ, ಆತ್ಮಹತ್ಯೆ. ಬೇಟೆಯ ಕಾಡಿನಲ್ಲಿ ನಡೆದವಲ್ಲ. ಹಾಗೆಂದು ಬೇಟೆಯ ಮನೆ ಆ ಲೆಕ್ಕದಿಂದ ಹೊರಗಿಲ್ಲ. ಬೀರುವಿನಲ್ಲಿ ನಿಲ್ಲಿಸಿಟ್ಟ ಕೋವಿಗೆ ಜಿಂಕೆಯೂ ಒಂದೇ, ಬೇಸರಗೊಂಡ ಹದಿಹರೆಯದ ಹುಡುಗನೂ ಒಂದೇ. ಆ ಮನೆಯಲ್ಲಿ ಕೋವಿ ಕಬ್ಬಿಣದ ಪೆಟ್ಟಿಗೆಯಲ್ಲಿ, ತೋಟಾ ಬೇರೆ ಕೋಣೆಯ ಬೇರೆ ಬೀಗದಲ್ಲಿ. ಎರಡು ಬೀಗದ ಕೈಯೂ ಮಕ್ಕಳಿಗಿಲ್ಲ. ಕೋವಿ ಎಲ್ಲರದ್ದು, ಬೀಗದ ಕೈ ಮಾತ್ರ ಅಪ್ಪ ಅಮ್ಮನದು.

ಋತು ಬಂತು. ಶನಿವಾರ ಮಗಳ ಸರದಿ. ಎಪ್ಪತ್ತು ಮೀಟರ್ ದೂರಕ್ಕೆ ಬಂದ ಹೆಣ್ಣುಜಿಂಕೆ ನೇರವಾಗಿ ಅವಳ ಕಡೆಗೇ ಮುಖ ಮಾಡಿ ನಿಂತಿತು, ಪಕ್ಕಕ್ಕೆ ತಿರುಗಲಿಲ್ಲ. ಅವಳು ಟ್ರಿಗರ್ ಮುಟ್ಟಲಿಲ್ಲ. ಜಿಂಕೆ ಹೋಯಿತು. ಅಪ್ಪ ಯಾಕೆಂದು ಕೇಳಲಿಲ್ಲ. ಪಕ್ಕೆ ಕಾಣದ ಹೊರತು ಹೊಡೆಯಬಾರದು ಎಂದು ಕಲಿಸಿದವನೇ ಅವನು. ಭಾನುವಾರ ಮಗ ಒಂದು ಜಿಂಕೆ ಹೊಡೆದ. ಒಂದೇ ಈಡು, ಶ್ವಾಸಕೋಶಕ್ಕೆ. ಮೂವತ್ತು ಹೆಜ್ಜೆ ಓಡಿ ಬಿತ್ತು. ನಳಿಗೆ ಅಲುಗಿರಲಿಲ್ಲ, ಭುಜ ನೋಯಲಿಲ್ಲ. ಹುಡುಗ ಅದರ ಪಕ್ಕದಲ್ಲಿ ಹಿಮದ ಮೇಲೆ ಬಹಳ ಹೊತ್ತು ಕೂತ. ಚರ್ಮ ಸುಲಿಯಲು, ಮಾಂಸ ಕತ್ತರಿಸಲು ಅಪ್ಪನಿಗೆ ನೆರವಾದ. ರಾತ್ರಿ ಊಟಕ್ಕೆ ಕೂತಾಗ, ಮುಂದಿನ ವರ್ಷ ನಾನು ಬರಲ್ಲ ಅಪ್ಪ, ಎಂದ.

ಬೇರೆ ಕೋವಿಯಾಗಿದ್ದರೆ ಆ ಮಾತನ್ನು ತಳ್ಳಿಹಾಕುವುದು ಸುಲಭವಿತ್ತು. ಒದೆತಕ್ಕೆ ಹೆದರಿದ್ದಾನೆ, ಎರಡು ವರ್ಷ ಹೋಗಲಿ, ಸರಿಹೋಗುತ್ತಾನೆ ಎನ್ನಬಹುದಿತ್ತು. ತನ್ನ ಹನ್ನೆರಡನೇ ವಯಸ್ಸಿಗೆ ಅವನು ಕೇಳಿದ್ದೂ ಇಂಥದ್ದೇ ಮಾತು. ಆಗ ಅವನಿಗೂ ತಾನು ಹೆದರಿದ್ದು ಭುಜದ ನೋವಿಗೋ ಸಾವಿಗೋ ಬಿಡಿಸಿ ಹೇಳಲು ಗೊತ್ತಾಗಿರಲಿಲ್ಲ. ಮಗನಿಗೆ ಗೊತ್ತಿತ್ತು. ನೋವನ್ನೂ ಸದ್ದನ್ನೂ ಆದಷ್ಟು ತೆಗೆದುಹಾಕಿದ ಮೇಲೆ ಉಳಿದದ್ದು ಒಂದು ಪ್ರಾಣಿಯನ್ನು ಕೊಲ್ಲುವ ಕೆಲಸ ಮಾತ್ರ. ಅದು ಬೇಡವೆಂದು ಹುಡುಗ ನೋಡಿ, ಮಾಡಿ, ಯೋಚಿಸಿ ಹೇಳಿದ್ದ. ಮೃದುವಾದ ಕೋವಿ ಮಗುವನ್ನು ಬೇಟೆಗೆ ಎಳೆಯುವ ಆಮಿಷ ಎಂದು ಕೆಲವರು ಹೇಳುವುದುಂಟು. ಈ ಮನೆಯಲ್ಲಿ ಅದು ಮಗುವಿನ ಹೌದನ್ನೂ ಅಲ್ಲವನ್ನೂ ಮಗುವಿನದೇ ಆಗಿಸಿತು.

ಅಪ್ಪ, ಆಗಲಿ, ಎಂದ. ಮಾಂಸ ಪ್ಯಾಕ್ ಮಾಡಲು ಮಾತ್ರ ಬರಬೇಕು ಎಂದು ಸೇರಿಸಿದ. ಮುಂದಿನ ಬೇಸಿಗೆಗೆ ಮಗಳು ಎರಡು ಇಂಚು ಬೆಳೆದಿದ್ದಳು. ರೈಫಲ್‌ನ ಬುಡಕ್ಕೆ ಅವಳ ಪಾಲಿನ ಮೊದಲ ಬಿಲ್ಲೆ ಸೇರಿತು.