ಅಂಕಪಟ್ಟಿ ನೋಡದೆ ‘ಇಲ್ಲ’ ಎಂದರೆ

ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವಿತ್ತು. ನಮ್ಮಪ್ಪ ಆ ಗಣಿಗೆ ಇಳಿಯುತ್ತಿದ್ದರು. ಪಾಳಿ ಮುಗಿಸಿ ಬಂದು ಕೆಳಗಿನ ಸೆಕೆ, ಕತ್ತಲು, ಬಂಡೆ ಸಿಡಿಯುವ ಸದ್ದು ಎಲ್ಲವನ್ನೂ ವರ್ಣಿಸುತ್ತಿದ್ದರು. ಕೇಳಿ ಕೇಳಿ ನನಗೂ ಗಣಿಯ ಓದೇ ಓದಬೇಕು ಅನ್ನಿಸಿತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕವೂ ಬಂದಿತ್ತು. ಅರ್ಜಿ ಕೇಳಲು ಹೋದಲ್ಲಿ, “ಈ ಕೋರ್ಸಿಗೆ ಹುಡುಗಿಯರನ್ನ ತಗೊಳ್ಳೋದಿಲ್ಲಮ್ಮ” ಎಂದರು. ನನ್ನ ಅಂಕಪಟ್ಟಿಯನ್ನು ಯಾರೂ ಬಿಡಿಸಿ ನೋಡಲಿಲ್ಲ.

ಯಾಕೆ ಹಾಗೆ ಅಂತೀರಾ ಮಕ್ಕಳೇ? ಹೆಂಗಸರನ್ನು ನೆಲದಡಿಯ ಗಣಿ ಕೆಲಸಕ್ಕೆ ನೇಮಿಸಬಾರದು ಎಂದು 1952ರ ಗಣಿ ಕಾಯ್ದೆ ಹೇಳಿತ್ತು. ಅದರ ಹಿಂದೆ ಕೆಟ್ಟ ಮನಸ್ಸೇನೂ ಇರಲಿಲ್ಲ. ಹಿಂದಿನ ಕಾಲದಲ್ಲಿ ಕಲ್ಲಿದ್ದಲು ಗಣಿಗಳ ಕತ್ತಲಲ್ಲಿ ಹೆಂಗಸರು ಹೊರೆ ಹೊತ್ತು ನವೆದಿದ್ದರು. ಅಂಥವರನ್ನು ಕಾಪಾಡಲೆಂದೇ ಇಂಥ ನಿಯಮಗಳು ಬಂದವು. ಆದರೆ ಒಂದು ಬಾಗಿಲು ಮುಚ್ಚಿದಾಗ ಅದರ ಜೊತೆಗೆ ಇನ್ನೊಂದೂ ಮುಚ್ಚಿತು. ಕೆಳಗೆ ಕೆಲಸವೇ ಇಲ್ಲ ಅಂದಮೇಲೆ ಓದೇಕೆ ಎಂದು ಹಲವು ಕಾಲೇಜುಗಳು ಗಣಿ ವಿಭಾಗಕ್ಕೆ ಹುಡುಗಿಯರನ್ನು ಸೇರಿಸಿಕೊಳ್ಳಲಿಲ್ಲ. ಓದಿದ ಹುಡುಗಿಯರೇ ಇಲ್ಲ ಅಂದಮೇಲೆ ನಿಯಮ ಬದಲಿಸಿ ಎಂದು ಕೇಳುವವರಾದರೂ ಯಾರು?

ಗಣಿಯಲ್ಲಿ ಅಪಾಯವಿದೆ, ಒಪ್ಪೋಣ. ಪ್ರಯೋಗಾಲಯದಲ್ಲಿ ಯಾವ ಬಂಡೆಯೂ ತಲೆಯ ಮೇಲೆ ಬೀಳುವುದಿಲ್ಲವಲ್ಲ! ಆದರೂ ನಮ್ಮ ಬೆಂಗಳೂರಿನಲ್ಲೇ ಒಂದು ಪ್ರಸಂಗ ನಡೆಯಿತು. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿಯಲ್ಲಿ ಬಿ.ಎಸ್ಸಿ. ಮುಗಿಸಿ, ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಅಲ್ಲಿ ನಿರ್ದೇಶಕರಾಗಿದ್ದವರು ನೊಬೆಲ್ ಪ್ರಶಸ್ತಿ ಪಡೆದ ಸರ್ ಸಿ.ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಅವರು ಸೀಟು ಕೊಡಲಿಲ್ಲ. ಕಮಲಾ ಹಿಂದಿರುಗಲಿಲ್ಲ, ಸತ್ಯಾಗ್ರಹಕ್ಕೆ ಸಿದ್ಧರಾದರು. ಕೊನೆಗೆ ಷರತ್ತು ಹಾಕಿ ಸೇರಿಸಿಕೊಂಡರು: ಒಂದು ವರ್ಷ ಪರೀಕ್ಷಾರ್ಥವಾಗಿ ಇರಬೇಕು, ಕೆಲಸ ನಿರ್ದೇಶಕರಿಗೆ ಮೆಚ್ಚುಗೆಯಾದರೆ ಮಾತ್ರ ಮಾನ್ಯತೆ, ಸಂಸ್ಥೆಯ ವಾತಾವರಣ ಕೆಡಿಸಬಾರದು. ಹುಡುಗರಿಗೆ ಈ ಯಾವ ಷರತ್ತೂ ಇರಲಿಲ್ಲ.

ನಿಮ್ಮ ಶಾಲೆಯ ಓಟದಲ್ಲಿ ಒಬ್ಬಳ ಕಾಲಿಗೆ ಮಾತ್ರ ಕಲ್ಲು ಕಟ್ಟಿ, “ಗೆದ್ದರೆ ನೋಡೋಣ” ಎಂದ ಹಾಗಾಯಿತು! ಕಮಲಾ ಆ ಕಲ್ಲು ಹೊತ್ತೇ ಓಡಿದರು. ಎಂ. ಶ್ರೀನಿವಾಸಯ್ಯನವರ ಬಳಿ ದುಡಿದು, ವರ್ಷ ಮುಗಿಯುವಷ್ಟರಲ್ಲಿ ರಾಮನ್ ಅವರನ್ನೇ ಒಪ್ಪಿಸಿದರು. ಆಮೇಲೆ ಬೇರೆ ಹೆಣ್ಣುಮಕ್ಕಳಿಗೂ ಅಲ್ಲಿ ಬಾಗಿಲು ತೆರೆಯಿತು. 1939ರಲ್ಲಿ ಅವರು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಪಿಎಚ್.ಡಿ. ಪಡೆದರು. ಮದುವೆಯ ನಂತರ ಕಮಲಾ ಸೊಹೊನಿ ಎಂದೇ ಹೆಸರಾದರು. ಎಷ್ಟು ದೊಡ್ಡವರಾದರೂ ಅಳತೆಗೋಲು ತಪ್ಪಾಗಿದ್ದರೆ ಲೆಕ್ಕ ತಪ್ಪುತ್ತದೆ ಎಂಬುದಕ್ಕೆ ಇದೊಂದು ಪಾಠ.

ಗಣಿಯ ನಿಯಮ ಸಡಿಲವಾಗಿದ್ದು 2019ರಲ್ಲಿ. ಒಪ್ಪಿಗೆಯನ್ನು ಬರೆದುಕೊಟ್ಟ ಹೆಂಗಸರು ಬೆಳಗ್ಗೆ 6ರಿಂದ ಸಂಜೆ 7ರವರೆಗೆ ನೆಲದಡಿಯಲ್ಲಿ ತಾಂತ್ರಿಕ, ಮೇಲ್ವಿಚಾರಣೆ ಮತ್ತು ಆಡಳಿತದ ಕೆಲಸ ಮಾಡಬಹುದು ಎಂದಾಯಿತು. ಆಗ ನಮ್ಮೂರ ಗಣಿ ಮುಚ್ಚಿ 18 ವರ್ಷವಾಗಿತ್ತು. ಜಾರ್ಖಂಡಿನ ಆಕಾಂಕ್ಷಾ ಕುಮಾರಿ 2021ರಲ್ಲಿ ಕಲ್ಲಿದ್ದಲು ಗಣಿಯ ಇಂಜಿನಿಯರಾಗಿ ಕೆಳಗಿಳಿದ ಸುದ್ದಿ ಓದಿದಾಗ, ಆ ಪುಟ ಕತ್ತರಿಸಿ ಇಟ್ಟುಕೊಂಡೆ.

ಈಗ ಕಾಲೇಜುಗಳಲ್ಲಿ ‘ಹುಡುಗಿಯರಿಗಿಲ್ಲ’ ಎಂಬ ಮಾತು ಅಪರೂಪ. ಆದರೆ ಅರ್ಜಿ ಕಾಲೇಜಿಗೆ ಹೋಗುವ ಮೊದಲು ನಮ್ಮ ಮನೆಯ ಪಡಸಾಲೆ ದಾಟಬೇಕಲ್ಲ! ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಓಡಾಡಿ ಓದಲು ಮೊಮ್ಮಗನಿಗೆ ಪಾಸು ಮಾಡಿಸಿಕೊಡುತ್ತೇವೆ. ಹೆಚ್ಚು ಅಂಕ ತೆಗೆದ ಮೊಮ್ಮಗಳಿಗೆ, “ದೂರ ಯಾಕಮ್ಮ, ಇಲ್ಲೇ ಯಾವುದಾದರೂ ಓದಿಕೋ” ಎನ್ನುತ್ತೇವೆ. ನನ್ನ ವಯಸ್ಸಿನವರೇ, ಅವಳ ಕ್ಷೇಮದ ಚಿಂತೆ ನಮಗಿರುವುದು ಸಹಜ. ಹಾಗಿದ್ದರೆ ಜೊತೆಗೆ ಹೋಗಿ ಕಾಲೇಜು ನೋಡಿ ಬರೋಣ, ಹಾಸ್ಟೆಲ್ ವಿಚಾರಿಸೋಣ, ಅದೇ ರೈಲಿಗೆ ಹೋಗುವ ಗೆಳತಿಯರನ್ನು ಗುರುತು ಮಾಡಿಕೊಡೋಣ. ಮೊದಲು ಅವಳ ಅಂಕಪಟ್ಟಿಯನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಪೂರ್ತಿ ಓದೋಣ.